ಹಸಿರು ಚೀಟಿ ಕಟ್ಟಿದ ಮಂಗಳವಾರ

"ಆ ಮುಚ್ಚಳ ಮುಟ್ಟಬೇಡಿ."

ಬೆನ್ನ ಹಿಂದಿನಿಂದ ಬಂದ ದನಿಗೆ ಅವಳ ಕೈ ಅರ್ಧಕ್ಕೇ ನಿಂತಿತು.

ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಒಬ್ಬ ಯುವಕ. ಬರಿಗಾಲು. ಮೊಣಕೈವರೆಗೆ ಮಡಚಿದ ತೋಳು. ಬೆರಳ ತುದಿಗಳಲ್ಲೆಲ್ಲ ಒಣಗಿ ಬಿಳಿಚಿಕೊಂಡ ಗೋಂದು. ಕಣ್ಣಲ್ಲಿ ಮಾತ್ರ ಕೆಂಡ.

"ಮುಟ್ಟಲೇಬೇಕು. ನನ್ನ ಕೆಲಸವೇ ಅದು," ಎಂದಳು.

"ಎರಡು ವಾರದಿಂದ ನನ್ನ ಡಬ್ಬಕ್ಕೆ ಕೆಂಪು ಚೀಟಿ ಕಟ್ಟಿ ಹೋಗ್ತಿರೋರು ನೀವೇನಾ?"

"ನಾನೇ."

"ನಂದು ನಿಮ್ದು ಏನಾದ್ರೂ ಹಳೇ ದ್ವೇಷ ಇದ್ಯಾ?"

ಅವಳಿಗೆ ನಗು ಬಂತು... ನುಂಗಿಕೊಂಡಳು. ಕೆಲಸದಲ್ಲಿರುವಾಗ ನಕ್ಕರೆ ಜನ ತಲೆ ಮೇಲೆ ಕೂರುತ್ತಾರೆ ಎಂದು ಅಕ್ಕ ಹೇಳಿಕೊಟ್ಟಿದ್ದಳು.

ಅವಳ ಕೆಲಸ ಇಷ್ಟೇ. ಪ್ರತಿ ಮಂಗಳವಾರ ಬೆಳಿಗ್ಗೆ, ಲಾರಿ ಬರುವ ಒಂದು ಗಂಟೆ ಮೊದಲು, ಆ ಬೀದಿಯ ಮನೆಗಳ ಮುಂದಿಟ್ಟ ನೀಲಿ ಡಬ್ಬಗಳ ಮುಚ್ಚಳ ತೆಗೆದು ನೋಡುವುದು. ಒಳಗೆ ಮರುಬಳಕೆಗೆ ಆಗುವ ವಸ್ತುಗಳಷ್ಟೇ ಇದ್ದರೆ ಹಿಡಿಕೆಗೆ ಹಸಿರು ಚೀಟಿ ಕಟ್ಟುವುದು. ಆಗದ್ದು ಸೇರಿದ್ದರೆ ಕೆಂಪು ಚೀಟಿ. ಕೆಂಪು ಕಟ್ಟಿದ ಡಬ್ಬವನ್ನು ಲಾರಿಯವರು ಮುಟ್ಟುವುದಿಲ್ಲ. ವರ್ಷದಲ್ಲಿ ಮೂರು ಕೆಂಪು ಬಿದ್ದರೆ ಡಬ್ಬವನ್ನೇ ಹೊತ್ತೊಯ್ಯುತ್ತಾರೆ.

ಹಾಗಾಗಿ ಬೀದಿಯವರು ಅವಳಿಗೆ ಇಟ್ಟ ಹೆಸರೇ ಕೆಂಪುಚೀಟಿ. ಊಟ ಮಾಡದ ಮಕ್ಕಳಿಗೆ ಗುಮ್ಮನ ಬದಲು ಅವಳನ್ನು ತೋರಿಸುವ ತಾಯಂದಿರೂ ಇದ್ದರು.

ಅವಳು ಮುಚ್ಚಳ ತೆಗೆದಳು. ಈ ಸಲವೂ ಅದೇ. ಡಬ್ಬದ ತುಂಬ ಬೆರಳಗಲದ ಕಾಗದದ ಚೂರುಗಳು.

"ನಾನು ಪುಸ್ತಕ ಬೈಂಡ್ ಮಾಡೋನು. ಅಂಚು ಕತ್ತರಿಸಿದ್ರೆ ಚೂರು ಬೀಳುತ್ತೆ. ಕಾಗದ ಹಾಕಬಹುದು ಅಂತ ನಿಮ್ಮ ಪಟ್ಟೀಲೇ ಇದೆಯಲ್ಲ?"

"ಕಾಗದ ಆಗುತ್ತೆ. ಚೂರು ಆಗಲ್ಲ. ಕಸ ವಿಂಗಡಿಸೋ ಕಡೆ ಜರಡಿ ಇದೆ. ಇಷ್ಟು ಸಣ್ಣದೆಲ್ಲ ಕೆಳಗೆ ಉದುರಿ ಗಾಜಿನ ಜೊತೆ ಸೇರ್ಕೊಳ್ಳುತ್ತೆ. ಆಮೇಲೆ ಕಾಗದವೂ ಹಾಳು, ಗಾಜೂ ಹಾಳು. ಚೀಲಕ್ಕೆ ತುಂಬಿ ಬಾಯಿ ಮಡಚಿ ಹಾಕಿ."

"ಪ್ಲಾಸ್ಟಿಕ್ ಚೀಲ?"

"ಅದಂತೂ ಬೇಡವೇ ಬೇಡ. ಯಂತ್ರದ ಹಲ್ಲಿಗೆ ಸುತ್ಕೊಳ್ಳುತ್ತೆ. ಕಸ ಸಾಗಿಸೋ ಬೆಲ್ಟ್ ನಿಲ್ಲಿಸಿ, ನಮ್ಮಕ್ಕ ಒಳಗಿಳಿದು ಚಾಕುವಲ್ಲಿ ಕೊಯ್ದು ತೆಗೀಬೇಕು. ಕಾಗದದ ಚೀಲದಲ್ಲಿ ಹಾಕಿ."

"ನಿಮ್ಮಕ್ಕನಾ?"

"ವಿಂಗಡಣೆ ಘಟಕದಲ್ಲಿ ಕೆಲಸ. ನೀವು ಇಲ್ಲಿ ಹಾಕೋದೆಲ್ಲ ಅಲ್ಲಿ ಅವಳ ಕೈ ಕೆಳಗೇ ಹೋಗೋದು."

ಅವನ ಕಣ್ಣಿನ ಕೆಂಡ ಆರಿತು. ಒಳಗೆ ಹೋಗಿ ದೊಡ್ಡದೊಂದು ಕಾಗದದ ಚೀಲ ತಂದು, ಡಬ್ಬದ ಮುಂದೆ ಮಂಡಿಯೂರಿ ಕುಳಿತು, ಚೂರುಗಳನ್ನು ಬಾಚಿ ಬಾಚಿ ತುಂಬತೊಡಗಿದ. ತಳದಲ್ಲಿ ಅಂಟಿದ್ದನ್ನೂ ಬಿಡಲಿಲ್ಲ.

ಮೂರು ವರ್ಷದ ಕೆಲಸದಲ್ಲಿ ಅವಳು ಬೈಗುಳ ಕೇಳಿದ್ದಳು. ಮುಖದ ಮೇಲೆ ಬಾಗಿಲು ಹಾಕಿಸಿಕೊಂಡಿದ್ದಳು. ಹೇಳಿದ್ದನ್ನು ಕೇಳಿ ಮಂಡಿಯೂರಿದವನನ್ನು ನೋಡಿರಲಿಲ್ಲ.

ತಾನೂ ಕುಳಿತು ಚೀಲದ ಬಾಯಿ ಹಿಡಿದಳು.

ಆ ದಿನ ಆ ಡಬ್ಬಕ್ಕೆ ಹಸಿರು ಚೀಟಿ ಬಿತ್ತು.

ಆಮೇಲಿನ ಮಂಗಳವಾರಗಳಲ್ಲಿ ಅವನು ಮೆಟ್ಟಿಲ ಮೇಲೆ ಕಾದು ಕೂರತೊಡಗಿದ. ಕೈಯಲ್ಲಿ ಒಂದಲ್ಲ ಒಂದು ವಸ್ತು.

"ಮೇಡಂ, ಟೂತ್‌ಪೇಸ್ಟ್ ಟ್ಯೂಬು?"

"ಆಗಲ್ಲ."

"ಒಡೆದ ಕನ್ನಡಿ?"

"ಆಗಲ್ಲ. ಬಾಟಲಿ ಗಾಜು ಕರಗೋ ಶಾಖವೇ ಬೇರೆ, ಕನ್ನಡಿದೇ ಬೇರೆ."

"ಅಂಗಡೀಲಿ ಕೊಡೋ ಬಿಲ್ಲು? ಅದು ಕಾಗದ ತಾನೇ?"

"ಅದಕ್ಕೆ ಏನೋ ಬಳಿದಿರ್ತಾರೆ. ಆಗಲ್ಲ."

"ಎಣ್ಣೆ ಅಂಟಿದ ರಟ್ಟು?"

"ಎಣ್ಣೆ ಹತ್ತಿದ ಭಾಗ ಹರಿದು ಬಿಸಾಕಿ, ಉಳಿದದ್ದು ಹಾಕಿ."

"ಛತ್ರಿ?"

"ಛತ್ರಿ ಯಾಕ್ರೀ ಹಾಕ್ತೀರ?"

"ಹಾಕಲ್ಲ. ಇನ್ನೇನು ಕೇಳೋದು ಅಂತ ಹೊಳೀಲಿಲ್ಲ."

ಅವಳು ತಲೆ ತಗ್ಗಿಸಿ ಚೀಟಿ ಕಟ್ಟಿದಳು. ಕಿವಿ ಬಿಸಿಯಾಗಿತ್ತು. ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದಲೇ ಕೂಗಿದಳು. "ಏನಮ್ಮಾ ಕೆಂಪುಚೀಟಿ, ಆ ಹುಡುಗನ ಡಬ್ಬದಲ್ಲಿ ನಿಧಿ ಏನಾದ್ರೂ ಸಿಕ್ತಾ? ನನ್ನ ಡಬ್ಬಕ್ಕೆ ಅರ್ಧ ನಿಮಿಷ, ಅವನದಕ್ಕೆ ಅರ್ಧ ಗಂಟೆ."

ಒಂದೊಂದು ಮಂಗಳವಾರ ಅವನ ಮುಖ ಬಾಡಿ ಹೋಗಿರುತ್ತಿತ್ತು. ತುಟಿ ಒಣಗಿ, ಕಣ್ಣು ಒಳಕ್ಕೆ ಇಳಿದು...

"ಹುಷಾರಿಲ್ವಾ?" ಎಂದರೆ, "ನಿದ್ದೆ ಸಾಲ್ದು," ಎನ್ನುತ್ತಿದ್ದ.

ಅವಳು ನಂಬುತ್ತಿದ್ದಳು. ಡಬ್ಬದೊಳಗಿನ ಸುಳ್ಳನ್ನು ಮುಚ್ಚಳ ತೆಗೆಯುತ್ತಿದ್ದ ಹಾಗೇ ಹಿಡಿಯುವವಳಿಗೆ ಮನುಷ್ಯರ ಸುಳ್ಳು ಹಿಡಿಯಲು ಯಾರೂ ಕಲಿಸಿರಲಿಲ್ಲ.

"ಯಾರೇ ಅವನು?" ಎಂದು ಒಂದು ಸಂಜೆ ಅಕ್ಕ ಕೇಳಿದಳು.

"ಯಾರು?"

"ಮಂಗಳವಾರ ನಿನ್ನ ಮುಖ ಒಂಥರ ಇರುತ್ತೆ, ಬುಧವಾರ ಒಂಥರ. ನಾನೇನು ಕಣ್ಣು ಮುಚ್ಕೊಂಡು ಬೆಲ್ಟ್ ಮುಂದೆ ನಿಂತಿರ್ತೀನಾ? ದಿನಕ್ಕೆ ಸಾವಿರ ಬಾಟಲಿ ನೋಡ್ತೀನಿ. ಯಾವುದು ತುಂಬಿದೆ, ಯಾವುದು ಖಾಲಿ ಅಂತ ದೂರದಿಂದಲೇ ಗೊತ್ತಾಗುತ್ತೆ."

"ಹೋಗೇ ಅಕ್ಕಾ."

ಅಕ್ಕ ನಕ್ಕು ತಂಗಿಯ ತಲೆಗೆ ಮೊಟಕಿದಳು. ಅಮ್ಮ ಹೋದಾಗ ತಂಗಿಗೆ ಏಳು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಬಂದ ಗಂಡುಗಳಿಗೆಲ್ಲ "ನನ್ನ ಹಿಂದೆ ಒಂದು ಬಾಲ ಇದೆ, ಅದನ್ನೂ ಕರ್ಕೊಂಡು ಬರ್ತೀನಿ" ಎಂದು ಹೇಳಿ, ಅವರು ಎದ್ದು ಹೋದ ಮೇಲೆ ತಂಗಿಗೆ ಜಡೆ ಹೆಣೆದು ಕಳಿಸಿದವಳು. ಈ ಭೂಮಿಯ ಮೇಲೆ ತಂಗಿಗೆ ಇದ್ದದ್ದು ಅಕ್ಕ ಒಬ್ಬಳೇ.

ಮತ್ತೆ... ಆ ಮಂಗಳವಾರ ಬಂತು.

ಮುಚ್ಚಳ ತೆಗೆದಳು. ಮಡಚಿದ ರಟ್ಟು, ತೊಳೆದ ಡಬ್ಬಿಗಳು, ಬಾಯಿ ಮಡಚಿದ ಕಾಗದದ ಚೀಲ. ಮೂಲೆಯಲ್ಲಿ ಸೋಪಿನ ನೀರಿನದೊಂದು ಬಿಳಿ ಬಾಟಲಿ. ಎತ್ತಿದರೆ ಭಾರ. ಅಲ್ಲಾಡಿಸಿದರೆ ಒಳಗೆ ಜರಜರ ಸದ್ದು. ಮುಚ್ಚಳದ ಸುತ್ತ ಕಂದು ಬಣ್ಣದ ಬಟ್ಟೆಯ ಪಟ್ಟಿ ಸುತ್ತಿ ಅಂಟಿಸಿತ್ತು.

"ಇದರಲ್ಲಿ ಏನಿದೆ?"

ಅವನು ಮೆಟ್ಟಿಲಿಂದ ಎದ್ದ.

"ಪಿನ್ನು. ಹಳೇ ಪುಸ್ತಕ ಬಿಚ್ಚುವಾಗ ಕಿತ್ತಿದ್ದು. ಯಾರಿಗೂ ಚುಚ್ಚಬಾರದು ಅಂತ ಬಿಗಿಯಾಗಿ ಮುಚ್ಚಿದೀನಿ."

"ಬಾಟಲಿ ಖಾಲಿ ಇರಬೇಕು ರೀ. ಒಳಗೆ ಏನಿದ್ರೂ ಆಗಲ್ಲ. ತೆಗೆದು ನೋಡ್ಬೇಕು ನಾನು."

ಪಟ್ಟಿಯ ತುದಿಗೆ ಉಗುರು ಹಾಕಿದಳು. ಗೋಂದು ಕಲ್ಲಿನಂತೆ ಕಚ್ಚಿಕೊಂಡಿತ್ತು. ತೆಗೆಯಲಾಗದಿದ್ದರೆ ನಿಯಮ ಸ್ಪಷ್ಟ. ಕೆಂಪು. ಇದು ಮೂರನೆಯದು. ಡಬ್ಬ ಹೋಗುತ್ತದೆ. ಡಬ್ಬ ಹೋದರೆ... ಮಂಗಳವಾರವೂ ಹೋಗುತ್ತದೆ.

ಅಷ್ಟರಲ್ಲಿ ಅವನು ಹೇಳಿದ. "ಭಾನುವಾರ ನಿಮ್ಮಕ್ಕ ಮನೇಲಿರ್ತಾರಾ?"

"ಯಾಕೆ?"

"ಬಂದು ಮಾತಾಡ್ಬೇಕಿತ್ತು. ನಿಮ್ಮ ವಿಷಯ."

ಅವಳ ಉಗುರು ಪಟ್ಟಿಯ ಮೇಲೇ ನಿಂತಿತು. ಬೀದಿಯ ತಿರುವಿನಲ್ಲಿ ಲಾರಿಯ ಹಾರನ್ ಕೇಳಿಸಿತು.

'ಬರೀ ಪಿನ್ನು ತಾನೇ... ಒಂದೇ ಒಂದು ಸಲ.'

ಬಾಟಲಿಯನ್ನು ಮತ್ತೆ ಒಳಗಿಟ್ಟಳು. ಹಸಿರು ಚೀಟಿ ಕಟ್ಟಿದಳು.

"ಭಾನುವಾರ ಹತ್ತು ಗಂಟೆಗೆ ಬನ್ನಿ," ಎಂದಾಗ ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಬುಧವಾರ ಮಧ್ಯಾಹ್ನ ಘಟಕದಿಂದ ಫೋನ್ ಬಂತು. ಬೆಲ್ಟಿನ ಮೇಲೆ ಬಂದ ಕಾಗದದ ರಾಶಿಯಲ್ಲಿ ಇಂಜೆಕ್ಷನ್ ಸೂಜಿ ಇತ್ತು. ಅಕ್ಕನ ಕೈಗವಸು ತೂರಿಕೊಂಡು ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು.

ಆಸ್ಪತ್ರೆಗೆ ಓಡಿದಳು. ಅಕ್ಕ ಬೆಂಚಿನ ಮೇಲೆ ಕುಳಿತು ಕಾಲು ಅಲ್ಲಾಡಿಸುತ್ತಿದ್ದಳು. "ಅಳ್ತಾ ಬಂದ್ಯಾ? ಇರುವೆ ಕಚ್ಚಿದಷ್ಟೂ ನೋವಿಲ್ಲ."

ಡಾಕ್ಟರ್ ನಗಲಿಲ್ಲ. "ಬಳಸಿದ ಸೂಜಿ. ಯಾರದ್ದು ಅಂತ ಗೊತ್ತಾಗಬೇಕು. ಲಿವರಿನ ಸೋಂಕು ಇರೋರದ್ದಾದ್ರೆ ತಡೆಯೋಕೆ ಒಂದು ಇಂಜೆಕ್ಷನ್ ಇದೆ. ಸುಮ್ ಸುಮ್ನೆ ಎಲ್ಲರಿಗೂ ಕೊಡೋಷ್ಟು ನಮ್ಮ ಹತ್ರ ಇಲ್ಲ, ಯಾರದ್ದು ಅಂತ ಖಚಿತ ಆದ್ರೆ ಮಾತ್ರ ತರಿಸ್ತೀವಿ. ಆದ್ರೆ ಒಂದು ವಾರದೊಳಗೆ ಆಗಬೇಕು. ಆಮೇಲೆ ಕೊಟ್ರೂ ಪ್ರಯೋಜನ ಇಲ್ಲ. ಸದ್ಯಕ್ಕೆ ಮಾಮೂಲಿ ಲಸಿಕೆ ಹಾಕಿರ್ತೀವಿ. ಅದೊಂದನ್ನೇ ನಂಬೋಕಾಗಲ್ಲ."

"ಮಂಗಳವಾರದ ಲಾರಿ," ಎಂದ ಜೊತೆಗೆ ಬಂದಿದ್ದ ಸೂಪರ್‌ವೈಸರ್, ಅವಳ ಕಡೆ ತಿರುಗಿ. "ನಿನ್ನ ಬೀದಿಗಳೇ, ಮುನ್ನೂರು ಮನೆ. ಯಾವುದಾದ್ರೂ ಡಬ್ಬದ ಮೇಲೆ ಅನುಮಾನ ಇತ್ತಾ?"

ಬಿಳಿ ಬಾಟಲಿ ಕಣ್ಣ ಮುಂದೆ ಬಂತು. ಜರಜರ ಸದ್ದು ಕಿವಿಗೆ ಬಂತು.

"ಇಲ್ಲ," ಎಂದಳು.

ಮರುದಿನ ಬೆಳಕು ಹರಿಯುತ್ತಲೇ ಅವನ ಬಾಗಿಲು ತಟ್ಟಿದಳು. ಅಕ್ಕನಿಗೆ ಆದದ್ದನ್ನೆಲ್ಲ ಹೇಳಿದಳು, ವಾರದ ಗಡುವನ್ನೂ ಹೇಳಿದಳು. ಅವನ ಮುಖದ ರಕ್ತ ಇಳಿದು ಹೋಯಿತು.

"ಆ ಬಾಟಲೀಲಿ ಬರೀ ಪಿನ್ನು ತಾನೇ?"

ಅವನು ಗೋಂದಿನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ.

"ಬರೀ ಪಿನ್ನು."

ಅವಳು ಅವನ ಕಣ್ಣು ನೋಡಬೇಕಿತ್ತು. ನೋಡಲಿಲ್ಲ. ನೋಡಿದ್ದರೆ ಗೊತ್ತಾಗುತ್ತಿತ್ತು... ಗೊತ್ತಾಗುವುದು ಅವಳಿಗೆ ಬೇಡವಾಗಿತ್ತು.

ಭಾನುವಾರ ಹತ್ತಾಯಿತು. ಹನ್ನೊಂದಾಯಿತು. ಅಕ್ಕ ಒಳ್ಳೆಯ ಸೀರೆ ಉಟ್ಟು, ಕಪ್ಪುಗಳನ್ನು ಎರಡು ಸಲ ತೊಳೆದು ಕಾದಳು. ಅವನು ಬರಲಿಲ್ಲ.

"ಹೋಗ್ಲಿ ಬಿಡೇ," ಎಂದಳು ಅಕ್ಕ, ಸೆರಗಿನ ಪಿನ್ನು ತೆಗೆಯುತ್ತ. "ಬರ್ತೀನಿ ಅಂದು ಬರದೇ ಇರೋರನ್ನ ನಾನು ಎಷ್ಟು ನೋಡಿಲ್ಲ."

ಮುಂದಿನ ಮಂಗಳವಾರ ಅವನ ಮನೆಯ ಮುಂದೆ ಡಬ್ಬವೇ ಇರಲಿಲ್ಲ. ಬಾಗಿಲೂ ತೆರೆಯಲಿಲ್ಲ. ಮೆಟ್ಟಿಲ ಮೇಲೆ ಯಾರೂ ಇಲ್ಲದ ಆ ಮನೆಯನ್ನು ದಾಟಿ ಹೋಗುವಾಗ ಅವಳು ಎರಡು ಸಲ ತಿರುಗಿ ನೋಡಿದಳು.

ಶುಕ್ರವಾರ ಸಂಜೆ ಅಕ್ಕ ಕೆಲಸದಿಂದ ಬಂದು ಚೀಲ ಇಳಿಸಿದಳು. "ಇವತ್ತು ಬೆಲ್ಟಿನ ಅಡಿ ಗುಡಿಸಿದ್ರು ಕಣೇ. ಆ ಸೂಜಿ ಬಂದ ಬಾಟಲಿ ಸಿಕ್ತು. ಲಾರಿ ಒಳಗೇ ಅಪ್ಪಚ್ಚಿಯಾಗಿ ಬಾಯಿ ಬಿಟ್ಕೊಂಡಿದೆ. ಒಳಗೆ ಇನ್ನೂ ಹದಿನೈದು ಇಪ್ಪತ್ತು ಸೂಜಿ."

"ಎಂಥಾ... ಬಾಟಲಿ?"

"ಬಿಳೀದು. ಕತ್ತಿಗೆ ಕಂದು ಬಟ್ಟೆ ಪಟ್ಟಿ ಸುತ್ತಿದಾರೆ. ಪುಸ್ತಕದ ಬೆನ್ನಿಗೆ ಅಂಟಿಸ್ತಾರಲ್ಲ, ಅಂಥದ್ದು."

ಅವಳು ಅಕ್ಕನ ಎದುರು ನೆಲದ ಮೇಲೆ ಕುಳಿತಳು.

ಎಲ್ಲವನ್ನೂ ಹೇಳಿದಳು. ಬಾಟಲಿಯ ಭಾರ, ಭಾನುವಾರದ ಮಾತು, ಹಸಿರು ಚೀಟಿ, ಆಸ್ಪತ್ರೆಯಲ್ಲಿ ಅಂದ 'ಇಲ್ಲ'.

ಕೊನೆಗೆ ಅಕ್ಕ ಕೇಳಿದಳು. "ಸೂಪರ್‌ವೈಸರ್ ಕೇಳ್ದಾಗ, ನಿನ್ನ ಪಕ್ಕದಲ್ಲೇ ಕೂತಿದ್ದೆ ನಾನು. ಅಲ್ವಾ ಪುಟ್ಟಿ?"

ಅಷ್ಟೇ. ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು.

ಅವಳು ಅವನ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತು. ಅರ್ಧ ಹೊಲಿದ ಪುಸ್ತಕಗಳ ನಡುವೆ ಅವನು ಒಂದು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

"ನಿಮ್ಮ ಮನೆಗೇ ಹೊರಟಿದ್ದೆ," ಎಂದ. "ದಿನಾ ಹೊರಡ್ತೀನಿ. ಮೆಟ್ಟಿಲು ಇಳಿಯೋಕಾಗಲ್ಲ."

"ಏನದು?"

"ಲಿವರಿನ ಸೋಂಕು. ರಕ್ತದಿಂದ ರಕ್ತಕ್ಕೆ ದಾಟೋದು. ಒಂದು ವರ್ಷದಿಂದ ವಾರಕ್ಕೊಂದು ಇಂಜೆಕ್ಷನ್, ನಾನೇ ಹಾಕ್ಕೋತೀನಿ. ಮುಚ್ಚಳ ಬಿಗಿದು ಅಂಟಿಸಿದ್ರೆ ಯಾರಿಗೂ ತೊಂದ್ರೆ ಆಗಲ್ಲ ಅಂದ್ಕೊಂಡಿದ್ದೆ. ಲಾರೀಲಿ ಅದುಮ್ತಾರೆ ಅಂತ ಗೊತ್ತಿರ್ಲಿಲ್ಲ. ದೇವರಾಣೆ ಗೊತ್ತಿರ್ಲಿಲ್ಲ."

"ನೂರೆಂಟು ಕೇಳಿದ್ರಲ್ಲ. ಛತ್ರಿ ಕೇಳಿದ್ರಿ. ಇದೊಂದು ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಮುಂದಿನ ವಾರ ನೀವು ಎರಡು ಜೊತೆ ಕೈಗವಸು ಹಾಕ್ಕೊಂಡು ಬರ್ತಿದ್ರಿ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ಭಾನುವಾರ ಬರ್ತೀನಿ ಅಂದಿದ್ದು... ನನ್ನ ಕೈ ತಡೆಯೋಕಾ?"

ಹೌದು ಎಂದರೂ ಸಾಯುತ್ತಿದ್ದಳು, ಇಲ್ಲ ಎಂದರೂ ನಂಬುತ್ತಿರಲಿಲ್ಲ.

ಅವನು ತೊಡೆಯ ಮೇಲಿನ ಫೈಲನ್ನು ಕೆಳಗಿಟ್ಟ.

"ತಡೆಯೋಕೇ," ಎಂದ. "ತಿಂಗಳಿಂದ ಹೇಳ್ಬೇಕು ಅಂತ ಇಟ್ಕೊಂಡಿದ್ದ ಮಾತು ಅದೊಂದೇ. ಅದನ್ನೇ ಅಂಥಾ ಕೆಲಸಕ್ಕೆ ಬಳಸಿಬಿಟ್ಟೆ."

ಇಬ್ಬರೂ ಫೈಲು ಹಿಡಿದು ಆಸ್ಪತ್ರೆಗೆ ಹೋದರು. ಡಾಕ್ಟರ್ ಓದಿದರು, ಗೋಡೆಯ ಕ್ಯಾಲೆಂಡರ್ ನೋಡಿದರು.

"ಒಂಬತ್ತು ದಿನ," ಎಂದು ಫೈಲು ಮುಚ್ಚಿದರು.

ಮಾರನೆಯ ದಿನ ಅವಳು ತಾನಾಗಿಯೇ ಸೂಪರ್‌ವೈಸರ್ ಮುಂದೆ ನಿಂತು ಎಲ್ಲ ಹೇಳಿದಳು. ಕೆಲಸ ಹೋಯಿತು. ಒಂದು ಬೇಕರಿಯಲ್ಲಿ ರಟ್ಟಿನ ಡಬ್ಬ ಮಡಚುವ ಕೆಲಸ ಹಿಡಿದಳು. ಅವನು ಎರಡು ಸಲ ಬೇಕರಿಯ ಎದುರು ಬಂದು ನಿಂತ. ಎರಡು ಸಲವೂ ಅವಳು ಒಳಗಿನ ಕೋಣೆಗೆ ಹೋದಳು. ಮೂರನೆಯ ಸಲ ಅವನು ಬರಲಿಲ್ಲ, ಅವಳು ಮಾತ್ರ ಕಿಟಕಿಯ ಹತ್ತಿರವೇ ಕೆಲಸ ಕೇಳಿ ಪಡೆದುಕೊಂಡಳು.

ಮನೆಯಲ್ಲಿ ಅಕ್ಕ ಮಾತಾಡುತ್ತಿದ್ದಳು. ಉಪ್ಪು ಕೊಡು, ದೀಪ ಆರಿಸು, ಬಾಗಿಲು ಹಾಕು. ಅಷ್ಟೇ.

ಅಕ್ಕನ ಮೊದಲ ರಕ್ತ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಎರಡನೆಯದರಲ್ಲಿ ಕಂಡಿತು. ಕೆಲವರ ಮೈಯಿಂದ ಅದು ತಾನಾಗಿಯೇ ಹೋಗಿಬಿಡುತ್ತದೆ, ಆರು ತಿಂಗಳು ನೋಡೋಣ ಎಂದರು ಡಾಕ್ಟರ್. ಆರು ತಿಂಗಳಾಯಿತು. ಹೋಗಲಿಲ್ಲ. ನೆಲೆ ನಿಂತಿತ್ತು.

ವಾರಕ್ಕೊಂದು ಇಂಜೆಕ್ಷನ್ ಬರೆದರು.

ಔಷಧಿಯ ಪೆಟ್ಟಿಗೆ ಫ್ರಿಜ್ಜಿನಲ್ಲಿ ಎರಡು ದಿನ ಹಾಗೇ ಕುಳಿತಿತ್ತು. ಆಸ್ಪತ್ರೆಯಲ್ಲಿ ಹಾಕಿಸಿಕೊಳ್ಳೋಣ ಎಂದರೆ ಅಕ್ಕ ಕೇಳಲಿಲ್ಲ. ಪ್ರತಿ ವಾರ ಆ ಸಾಲಿನಲ್ಲಿ ಕೂತರೆ ಕೆಲಸವೂ ಹೋಗುತ್ತದೆ ಎಂದಳು. ತಂಗಿ ಸೂಜಿ ಕೈಗೆತ್ತಿಕೊಂಡವಳು ಚುಚ್ಚಲಾರದೆ ಪೆಟ್ಟಿಗೆಗೇ ವಾಪಸ್ ಇಟ್ಟಳು.

"ಅವನ್ನ ಕರಿ," ಎಂದಳು ಅಕ್ಕ.

"ಯಾರನ್ನ?"

"ಇನ್ಯಾರನ್ನ? ವರ್ಷಗಟ್ಟಲೆ ತನಗೆ ತಾನೇ ಚುಚ್ಕೊಂಡಿದಾನಲ್ಲ. ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

ಅವನು ಬಂದ. ಇನ್ನೂ ತೆಳ್ಳಗಾಗಿದ್ದ. ಹೊಸಿಲ ಆಚೆಯೇ ನಿಂತ.

"ಒಳಗೆ ಬಾ. ಸಿಟ್ಟಿಲ್ಲ ಅಂದ್ಕೋಬೇಡ. ಹೊಟ್ಟೆ ತುಂಬ ಇದೆ," ಎಂದಳು ಅಕ್ಕ. "ಕೂತ್ಕೋ. ಎಲ್ಲಿಗೆ ಹಾಕೋದು? ತೋಳಿಗಾ?"

"ಹೊಟ್ಟೆಗೆ ಅಕ್ಕಾ. ಚರ್ಮ ಹೀಗೆ ಹಿಡ್ಕೋಬೇಕು. ಔಷಧಿ ತಣ್ಣಗಿರಬಾರದು, ಸ್ವಲ್ಪ ಹೊತ್ತು ಅಂಗೈಲಿ ಇಟ್ಕೊಂಡಿದ್ರೆ ಉರಿ ಕಮ್ಮಿ."

ಅವನು ಶೀಶೆಯನ್ನು ಎರಡೂ ಅಂಗೈಗಳ ನಡುವೆ ಹಿಡಿದು ಕುಳಿತ. ಅಕ್ಕ ಅವನನ್ನೇ ನೋಡುತ್ತಿದ್ದಳು.

"ನಿಂಗೆ ಇದರಿಂದ ಗುಣ ಆಯ್ತಾ?"

"ಇಲ್ಲ ಅಕ್ಕಾ. ಕೋರ್ಸ್ ಮುಗೀತು. ಹಾಗೇ ಇದೆ."

"ಆಯ್ತು ಅಂತ ಸುಳ್ಳು ಹೇಳ್ಬಹುದಿತ್ತು."

"ಒಂದು ಸಲ ಹೇಳಿ ಸಾಕಾಗಿದೆ."

ಅಕ್ಕ ಮುಖ ಆಚೆ ತಿರುಗಿಸಿ, "ಹಾಕು," ಎಂದಳು.

ಸಂಜೆಯಾಗುತ್ತ ಅಕ್ಕನಿಗೆ ಜ್ವರ ಏರಿತು. ತಂಗಿ ಹೊದಿಸಿ ಹೊರಗೆ ಬಂದರೆ ಅವನು ಇನ್ನೂ ಜಗಲಿಯಲ್ಲೇ ಇದ್ದ. ಅವಳೂ ಕುಳಿತಳು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

"ಹೆದರ್ಬೇಡಿ. ಮೊದಮೊದಲು ನಡುಕ ಬರುತ್ತೆ. ಬೆಳಿಗ್ಗೆಗೆ ಇಳಿಯುತ್ತೆ," ಎಂದ.

"ನಿಮಗೂ ಬರ್ತಿತ್ತಾ?"

"ಪ್ರತಿ ಸಲ."

"ಜೊತೇಲಿ ಯಾರಿರ್ತಿದ್ರು?"

ಅವನು ಇಬ್ಬರ ನಡುವಿನ ಖಾಲಿ ಜಾಗ ನೋಡಿದ. ಬಾಡಿದ ಮುಖ ಹೊತ್ತು ಮೆಟ್ಟಿಲ ಮೇಲೆ ತನಗಾಗಿ ಕಾದಿದ್ದ ಅಷ್ಟೂ ಬೆಳಿಗ್ಗೆಗಳು ಅವಳಿಗೆ ನೆನಪಾದವು.

"ನಾನು ನಿಮ್ಮನ್ನ ಕ್ಷಮಿಸಿಲ್ಲ," ಎಂದಳು.

"ಗೊತ್ತು."

"ನನ್ನನ್ನ ನಾನೂ ಕ್ಷಮಿಸ್ಕೊಂಡಿಲ್ಲ."

"ಅದೂ ಗೊತ್ತು."

"ಅಕ್ಕ ಹುಷಾರಾಗ್ತಾಳೆ ಅಂತ ಒಂದು ಮಾತು ಹೇಳಿ ನೋಡೋಣ."

"ಹೇಳೋಕಾಗಲ್ಲ. ಗೊತ್ತಿಲ್ಲ ನಂಗೆ."

ಅವಳು ಕಣ್ಣೊರೆಸಿಕೊಂಡಳು. "ಇಷ್ಟೆಲ್ಲ ಆದ ಮೇಲೂ... ನಿಮ್ಮನ್ನ ಮನಸ್ಸಿಂದ ತೆಗೆಯೋಕೆ ಆಗ್ತಿಲ್ಲ. ನಾಚಿಕೆ ಆಗುತ್ತೆ ಹೇಳೋಕೆ. ಒಳಗೆ ಅವಳು ನಡುಗ್ತಾ ಮಲಗಿದಾಳೆ, ಇಲ್ಲಿ ನಾನು ಇದನ್ನ ಹೇಳ್ತಿದೀನಿ."

"ನಾನೂ ದಿನಾ ಹೇಳ್ಕೋತೀನಿ. ಗೋಡೆಗೆ," ಎಂದ ಅವನು. ಅವನ ದನಿ ಒಡೆದಿತ್ತು. "ಮದುವೆ, ಮನೆ, ಅದೆಲ್ಲ ಕೇಳೋ ಯೋಗ್ಯತೆ ನಂಗಿಲ್ಲ. ವಾರಕ್ಕೊಂದು ಸಲ ಇಲ್ಲಿಗೆ ಬರೋಕೆ ಬಿಡಿ. ಸಾಕು."

ಒಳಗಿನಿಂದ ಅಕ್ಕನ ದನಿ ಬಂತು. "ಪುಟ್ಟೀ... ಚಳಿ ಕಣೇ."

ಎಷ್ಟೋ ತಿಂಗಳ ನಂತರ ಮೊದಲ ಸಲ ಅಕ್ಕ ಅವಳನ್ನು ಹಾಗೆ ಕರೆದಿದ್ದಳು. ಅವಳು ದಡಕ್ಕನೆ ಎದ್ದಳು. ಹೊಸಿಲಲ್ಲಿ ನಿಂತು ತಿರುಗಿ ನೋಡಿದಳು. ಅವನು ಚಪ್ಪಲಿ ಹುಡುಕುತ್ತಿದ್ದ.

"ಇನ್ನೊಂದು ಕಂಬಳಿ ಅಟ್ಟದ ಮೇಲಿದೆ," ಎಂದಳು. "ನಂಗೆ ಎಟುಕಲ್ಲ."

"ನಾನು ತೆಗೆದುಕೊಟ್ಟು ಹೋಗ್ಲಾ?"

"ತೆಗೆದುಕೊಡಿ," ಎಂದಳು ಅವಳು, ಅವನು ಒಳಗೆ ಬರಲು ಬಾಗಿಲಿಂದ ಸರಿಯುತ್ತ. "ಹೋಗೋದು ಬೇಡ."